ಡ್ರೈವರ್ ತೆಗೆದ ಮೇಲೆ ಕರ್ನಲ್ ಬೀಳುತ್ತಿದೆಯೇ? ಬಾಕಿ ಉಳಿದ ಟೈಮರ್ ಹಿಡಿಯುವ ಬಗೆ

ಡ್ರೈವರ್ ಲೋಡ್ ಆಗುತ್ತದೆ, ಕೆಲಸ ಮಾಡುತ್ತದೆ, ವಾರಗಟ್ಟಲೆ ಓಡಿಸಿದರೂ ತಕರಾರಿಲ್ಲ. ಮಾಡ್ಯೂಲ್ ತೆಗೆದಾಗ ಅಥವಾ ಯುಎಸ್‌ಬಿ ಸಾಧನ ಕಿತ್ತಾಗ ಮಾತ್ರ ಒಮ್ಮೊಮ್ಮೆ ಮೆಷಿನ್ ಬೀಳುತ್ತದೆ. ಅದೂ ತಕ್ಷಣ ಅಲ್ಲ. ಪ್ರಾಂಪ್ಟ್ ವಾಪಸ್ ಬಂದಿರುತ್ತದೆ, ನೀವು ಮುಂದಿನ ಕಮಾಂಡ್ ಟೈಪ್ ಮಾಡುತ್ತಿರುತ್ತೀರಿ, ಆಗ. ಲಾಗ್ ತೆಗೆದು ನೋಡಿದರೆ ನಿಮ್ಮ ಡ್ರೈವರ್‌ನ ಹೆಸರೇ ಇಲ್ಲ. ಓಡುತ್ತಿದ್ದ ಪ್ರೊಸೆಸ್ ಸ್ವಾಪರ್ ಅಂತಿದೆ. ಅಂದರೆ ಆ ಸಿಪಿಯುಗೆ ಬೇರೆ ಕೆಲಸವೇ ಇರಲಿಲ್ಲ, ಸುಮ್ನೆ ಕೂತಿತ್ತು. ಸ್ಟ್ಯಾಕ್‌ನಲ್ಲಿ, ಅಂದರೆ ಆಗ ಓಡುತ್ತಿದ್ದ ಫಂಕ್ಷನ್‌ಗಳ ಪಟ್ಟಿಯಲ್ಲಿ, ಕಾಲ್_ಟೈಮರ್_ಎಫ್‌ಎನ್, ಅದರ ಕೆಳಗೆ ರನ್_ಟೈಮರ್_ಸಾಫ್ಟ್‌ಐಆರ್‌ಕ್ಯೂ.

ಈ ಎರಡು ಹೆಸರು ಕಂಡರೆ ರ‍್ಯಾಮ್ ಬದಲಿಸಲು ಓಡಬೇಡಿ. ಯಾರೋ ಇಟ್ಟ ಟೈಮರ್, ಇಟ್ಟವರು ಮನೆ ಖಾಲಿ ಮಾಡಿದ ಮೇಲೆ ಬಡಿದಿದೆ.

ಇಲ್ಲಿ ಹೇಳುತ್ತಿರುವುದು ಲಿನಕ್ಸ್ ಕರ್ನಲ್‌ನ ಸಾಮಾನ್ಯ ಟೈಮರ್ ಬಗ್ಗೆ, ಅಂದರೆ ಟೈಮರ್_ಲಿಸ್ಟ್ ಸ್ಟ್ರಕ್ಚರ್ ಬಗ್ಗೆ. ಇಷ್ಟು ಹೊತ್ತಾದ ಮೇಲೆ ಈ ಫಂಕ್ಷನ್ ಓಡಿಸು ಎಂದು ಕರ್ನಲ್‌ಗೆ ಹೇಳಿಡುವುದು ಅದು. ಆ ಫಂಕ್ಷನ್ನೇ ಕಾಲ್‌ಬ್ಯಾಕ್. ಟೈಮರ್ ರದ್ದು ಮಾಡುವ ಸಾಲು ಹೆಚ್ಚಿನ ಡ್ರೈವರ್‌ಗಳಲ್ಲಿ ಇದ್ದೇ ಇರುತ್ತದೆ. ರದ್ದು ಮಾಡಿದ ಮೇಲೆ ಅದನ್ನು ಮತ್ತೆ ಇಡಬಲ್ಲವರು ಯಾರಾದರೂ ಉಳಿದಿದ್ದಾರಾ ಎಂದು ನೋಡಿರುವುದಿಲ್ಲ. ನನ್ನ ಪ್ರಕಾರ ಈ ಜಾತಿಯ ದೋಷಗಳಲ್ಲಿ ಮೊದಲು ಹುಡುಕಬೇಕಾದ್ದು ಅದನ್ನೇ.

ಮೊದಲು ಲಾಗ್ ಏನು ಹೇಳುತ್ತಿದೆ ನೋಡಿ

ಬಿದ್ದ ವಿಳಾಸ ಯಾವ ಕೋಡ್‌ಗೂ ಸೇರಿಲ್ಲ, ಆ ಜಾಗದ ಇನ್‌ಸ್ಟ್ರಕ್ಷನ್ ಬೈಟ್‌ಗಳನ್ನು ಓದಲಾಗಲಿಲ್ಲ ಎಂದು ಕರ್ನಲ್ ಹೇಳುತ್ತಿದೆಯೇ? ಮಾಡ್ಯೂಲ್‌ಗಳ ಪಟ್ಟಿಯ ಕೊನೆಯಲ್ಲಿ 'ಲಾಸ್ಟ್ ಅನ್‌ಲೋಡೆಡ್' ಅಂತ ನಿಮ್ಮ ಮಾಡ್ಯೂಲ್‌ನ ಹೆಸರಿದೆಯೇ? ಹಾಗಿದ್ದರೆ ಕಾಲ್‌ಬ್ಯಾಕ್ ಇದ್ದ ಕೋಡ್‌ ಪುಟವೇ ಹೋಗಿದೆ. ಟೈಮರ್ ಮಾತ್ರ ಬಡಿಯಲು ಕಾದಿರುವ ಟೈಮರ್‌ಗಳ ಸಾಲಿನಲ್ಲಿ ಉಳಿದಿತ್ತು. ಇದು ಸುಲಭದ ಕೇಸ್.

ರಿಜಿಸ್ಟರ್‌ಗಳಲ್ಲಿ 6ಬಿ6ಬಿ6ಬಿ6ಬಿ ಎಂದು ಸಾಲಾಗಿ ಕಂಡರೆ ಕೋಡ್ ಇದೆ, ಮೆಮೊರಿ ಹೋಗಿದೆ. ಕರ್ನಲ್‌ನಲ್ಲಿ ಮೆಮೊರಿ ಹಂಚುವ ಸ್ಲಬ್ ಅಲೊಕೇಟರ್, ಬಿಡುಗಡೆಯಾದ ಮೆಮೊರಿಗೆ ತುಂಬುವ ವಿಷದ ಬೈಟ್ ಅದು. ಬೂಟ್ ಮಾಡುವಾಗ ಸ್ಲಬ್_ಡೀಬಗ್ ಆಯ್ಕೆಗೆ 'ಪಿ' ಕೊಟ್ಟಿದ್ದರೆ ಮಾತ್ರ ಕಾಣುತ್ತದೆ, ಆದ್ದರಿಂದ ಪರೀಕ್ಷೆಯ ಮೆಷಿನ್‌ನಲ್ಲಿ ಅದನ್ನು ಯಾವಾಗಲೂ ಕೊಟ್ಟಿಡಿ.

ಮೂರನೆಯದು ತಲೆನೋವಿನದು. ಸ್ಟ್ಯಾಕ್‌ನಲ್ಲಿ ನಿಮಗೆ ಸಂಬಂಧವೇ ಇಲ್ಲದ ನೆಟ್‌ವರ್ಕ್ ಡ್ರೈವರ್ ಇರುತ್ತದೆ, ಅದು ತನ್ನ ಪಾಡಿಗೆ ಟೈಮರ್ ಇಡುವ ಫಂಕ್ಷನ್ ಆದ ಮಾಡ್_ಟೈಮರ್ ಕರೆದಾಗ ಬಿದ್ದಿರುತ್ತದೆ. ಕಾರಣ ಇಷ್ಟೇ: ಕರ್ನಲ್‌ನ ಟೈಮರ್ ಚಕ್ರದಲ್ಲಿ ಒಂದೇ ಹೊತ್ತಿಗೆ ಮುಗಿಯುವ ಟೈಮರ್‌ಗಳು ಒಂದೇ ಪಟ್ಟಿಯಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ನಿಮ್ಮ ಟೈಮರ್ ಇದ್ದ ಮೆಮೊರಿಯನ್ನು ಬಿಟ್ಟು, ಬೇರೆಯವರು ಅದರ ಮೇಲೆ ಬರೆದರೆ, ಕೊಂಡಿ ಹಾಳಾಗುತ್ತದೆ. ಪಕ್ಕದಲ್ಲಿ ಕೂರಲು ಬಂದ ಅಮಾಯಕ ಟೈಮರ್ ಸಿಕ್ಕಿಬೀಳುತ್ತದೆ. ಹೀಗಾಗಿ ಈ ಬಗೆಯ ದೋಷದಲ್ಲಿ ಸ್ಟ್ಯಾಕ್‌ನಲ್ಲಿ ಕಂಡ ಹೆಸರನ್ನು ಜಾಸ್ತಿ ನಂಬಬೇಡಿ.

ಇನ್ನೊಂದು ಲಕ್ಷಣ ಪೂರ್ತಿ ಬೇರೆ. ಮೆಷಿನ್ ಬೀಳುವುದಿಲ್ಲ. ಮಾಡ್ಯೂಲ್ ತೆಗೆಯುವ ಕಮಾಂಡ್ ವಾಪಸ್ ಬರುವುದಿಲ್ಲ, ಸುಮಾರು 20 ಸೆಕೆಂಡ್ ಆದ ಮೇಲೆ 'ಸಾಫ್ಟ್ ಲಾಕಪ್' ಎಂಬ ಎಚ್ಚರಿಕೆ ಬರುತ್ತದೆ. ಇದು ರದ್ದು ಮಾಡದ ದೋಷ ಅಲ್ಲ, ತಪ್ಪು ಜಾಗದಲ್ಲಿ ರದ್ದು ಮಾಡಿದ ದೋಷ. ಅದರ ಬಗ್ಗೆ ಕೆಳಗೆ ಬರೆದಿದ್ದೇನೆ.

ಕರ್ನಲ್ ಬಾಯಲ್ಲೇ ಹೇಳಿಸಿ

ಊಹೆ ಮಾಡುತ್ತಾ ಕೂರುವ ಬದಲು ಡೀಬಗ್ ಕರ್ನಲ್ ಒಂದನ್ನು ಕಟ್ಟಿಕೊಳ್ಳಿ. ನಾನು ಮೊದಲು ಹಾಕುವುದು ಡೀಬಗ್_ಆಬ್ಜೆಕ್ಟ್ಸ್ ಎಂಬ ಕಾನ್ಫಿಗ್ ಆಯ್ಕೆ, ಅದರ ಜೊತೆಗೆ ಡೀಬಗ್_ಆಬ್ಜೆಕ್ಟ್ಸ್_ಫ್ರೀ ಮತ್ತು ಡೀಬಗ್_ಆಬ್ಜೆಕ್ಟ್ಸ್_ಟೈಮರ್ಸ್. ಇದರ ಗುಣ ಏನೆಂದರೆ, ಟೈಮರ್ ಬಡಿಯುವವರೆಗೆ ಕಾಯುವುದಿಲ್ಲ. ಟೈಮರ್ ಇನ್ನೂ ಸಾಲಿನಲ್ಲಿರುವಾಗ ಅದರ ಮೆಮೊರಿ ಬಿಟ್ಟ ಕ್ಷಣವೇ 'ಓಡೀಬಗ್: ಫ್ರೀ ಆ್ಯಕ್ಟಿವ್' ಎಂದು ಶುರುವಾಗುವ ಸಾಲನ್ನು ಬರೆಯುತ್ತದೆ. ಆ ಸಾಲಿನ ಕೊನೆಗೆ 'ಹಿಂಟ್' ಅಂತ ಬರುವುದು ನಿಮ್ಮ ಕಾಲ್‌ಬ್ಯಾಕ್ ಫಂಕ್ಷನ್‌ನ ಹೆಸರು. ಸ್ಟ್ಯಾಕ್ ತೋರಿಸುವುದು ಮೆಮೊರಿ ಬಿಟ್ಟ ಜಾಗವನ್ನು. ಎಷ್ಟೋ ಸಲ ತನಿಖೆ ಇಲ್ಲಿಗೇ ಮುಗಿಯುತ್ತದೆ.

ತಪ್ಪು ಮೆಮೊರಿ ಮುಟ್ಟುವುದನ್ನು ಹಿಡಿಯುವ ಕಾಸನ್ ಕೂಡ ಹಾಕಿ. ಅದು ಮೂರು ಸ್ಟ್ಯಾಕ್ ಕೊಡುತ್ತದೆ: ಯಾರು ಮುಟ್ಟಿದರು, ಯಾರು ಪಡೆದಿದ್ದರು, ಯಾರು ಬಿಟ್ಟರು. ನಮಗೆ ಬೇಕಾದದ್ದು ಮೂರನೆಯದು. ಸಾಮಾನ್ಯ ಕಾಸನ್ ಮೆಮೊರಿಯ ಎಂಟನೇ ಒಂದು ಭಾಗವನ್ನು ತನಗೇ ಇಟ್ಟುಕೊಳ್ಳುತ್ತದೆ, ವೇಗವೂ ಕಡಿಮೆಯಾಗುತ್ತದೆ. ಸಣ್ಣ ಬೋರ್ಡ್‌ನಲ್ಲಿ ಜಾಗ ಸಾಲದಿದ್ದರೆ ಡೀಬಗ್_ಆಬ್ಜೆಕ್ಟ್ಸ್ ಒಂದೇ ಸಾಕು.

ಟೈಮರ್ ಇಟ್ಟವರು ಯಾರು ಎಂದು ತಿಳಿಯಬೇಕಾದರೆ ಕರ್ನಲ್ ಒಳಗೆ ನಡೆಯುವುದನ್ನು ದಾಖಲಿಸುವ ಎಫ್‌ಟ್ರೇಸ್ ಬಳಸಿ. ಟ್ರೇಸಿಂಗ್ ಫೋಲ್ಡರ್‌ನ ಇವೆಂಟ್‌ಗಳಲ್ಲಿ ಟೈಮರ್ ಗುಂಪಿದೆ. ಅದರಲ್ಲಿ ಟೈಮರ್_ಸ್ಟಾರ್ಟ್, ಟೈಮರ್_ಕ್ಯಾನ್ಸಲ್, ಟೈಮರ್_ಎಕ್ಸ್‌ಪೈರ್_ಎಂಟ್ರಿ, ಟೈಮರ್_ಎಕ್ಸ್‌ಪೈರ್_ಎಕ್ಸಿಟ್ ಆನ್ ಮಾಡಿ. ಬೂಟ್ ಸಾಲಿಗೆ ಎಫ್‌ಟ್ರೇಸ್_ಡಂಪ್_ಆನ್_ಊಪ್ಸ್ ಸೇರಿಸಿದರೆ, ಮೆಷಿನ್ ಬಿದ್ದಾಗ ಟ್ರೇಸ್ ಕನ್ಸೋಲ್‌ಗೆ ಸುರಿಯುತ್ತದೆ. ಟೈಮರ್_ಸ್ಟಾರ್ಟ್‌ನ ಟ್ರಿಗರ್ ಫೈಲ್‌ಗೆ 'ಸ್ಟ್ಯಾಕ್‌ಟ್ರೇಸ್' ಎಂದು ಬರೆದರೆ ಪ್ರತಿ ಸಲ ಇಟ್ಟವರ ಸ್ಟ್ಯಾಕ್ ಕೂಡ ಬರುತ್ತದೆ. ನಿಮ್ಮ ಕಾಲ್‌ಬ್ಯಾಕ್ ಹೆಸರಿರುವ ಕೊನೆಯ ಟೈಮರ್_ಸ್ಟಾರ್ಟ್ ಹುಡುಕಿ. ಅದು ನಿಮ್ಮ ರದ್ದತಿಯ ಸಾಲಿನ ನಂತರ ಬಂದಿದ್ದರೆ ಕಳ್ಳ ಸಿಕ್ಕಿದ.

ಇಲ್ಲಿ ಒಂದು ವಿಷಯ ಗೊತ್ತಿಲ್ಲದಿದ್ದರೆ ದಾರಿ ತಪ್ಪುತ್ತದೆ. ಟೈಮರ್_ಕ್ಯಾನ್ಸಲ್ ಎಂಬ ಇವೆಂಟ್ ರದ್ದು ಮಾಡಿದಾಗ ಮಾತ್ರ ಬರುವುದಲ್ಲ. ಸಾಲಿನಿಂದ ಟೈಮರ್ ಹೊರಬಂದಾಗಲೆಲ್ಲ ಬರುತ್ತದೆ. ಅವಧಿ ಮುಗಿದು ಕಾಲ್‌ಬ್ಯಾಕ್ ಓಡುವ ಮುಂಚೆಯೂ ಬರುತ್ತದೆ, ಮಾಡ್_ಟೈಮರ್ ಹೊತ್ತನ್ನು ಮುಂದಕ್ಕೆ ತಳ್ಳಿದಾಗಲೂ ಬರುತ್ತದೆ. ಟ್ರೇಸ್‌ನಲ್ಲಿ ಅದನ್ನು ಕಂಡು 'ರದ್ದಾಗಿದೆಯಲ್ಲಾ' ಎಂದುಕೊಳ್ಳಬೇಡಿ. ಹಳೆಯ ಬರಹಗಳಲ್ಲಿ ಹೇಳುವ ಪ್ರಾಕ್ ಫೋಲ್ಡರ್‌ನ ಟೈಮರ್_ಸ್ಟ್ಯಾಟ್ಸ್ ಫೈಲನ್ನು ಹುಡುಕಬೇಡಿ, ಅದು ಕರ್ನಲ್ 4.11ರಲ್ಲೇ ಹೋಯಿತು. ಪ್ರಾಕ್‌ನ ಟೈಮರ್_ಲಿಸ್ಟ್ ಇನ್ನೂ ಇದೆ, ಆದರೆ ಅದು ತೋರಿಸುವುದು ಹೆಚ್ಚು ನಿಖರತೆಯ ಎಚ್‌ಆರ್‌ಟೈಮರ್‌ಗಳನ್ನು. ನಿಮ್ಮ ಸಾಮಾನ್ಯ ಟೈಮರ್ ಅಲ್ಲಿ ಇರುವುದಿಲ್ಲ.

ಯಾವ ರದ್ದತಿ ಏನು ಮಾಡುತ್ತದೆ

ಟೈಮರ್_ಡಿಲೀಟ್ ಟೈಮರನ್ನು ಸಾಲಿನಿಂದ ತೆಗೆಯುತ್ತದೆ, ಅಷ್ಟೇ. ಕಾಲ್‌ಬ್ಯಾಕ್ ಈಗಾಗಲೇ ಇನ್ನೊಂದು ಸಿಪಿಯುನಲ್ಲಿ ಓಡುತ್ತಿದ್ದರೆ ಅದಕ್ಕಾಗಿ ಕಾಯುವುದಿಲ್ಲ. ಟೈಮರ್_ಡಿಲೀಟ್_ಸಿಂಕ್ ತೆಗೆಯುತ್ತದೆ, ಓಡುತ್ತಿರುವ ಕಾಲ್‌ಬ್ಯಾಕ್ ಮುಗಿಯುವವರೆಗೆ ಕಾಯುತ್ತದೆ. ಆದರೆ ಅದು ವಾಪಸ್ ಬಂದ ಮರುಕ್ಷಣ ಯಾರಾದರೂ ಮಾಡ್_ಟೈಮರ್ ಕರೆದರೆ ಟೈಮರ್ ಮತ್ತೆ ಸಾಲಿಗೆ ಸೇರುತ್ತದೆ. ಟೈಮರ್_ಶಟ್‌ಡೌನ್_ಸಿಂಕ್ ಇವೆರಡನ್ನೂ ಮಾಡಿ, ಬಾಗಿಲನ್ನೂ ಮುಚ್ಚುತ್ತದೆ. ಆಮೇಲೆ ಯಾರು ಎಷ್ಟೇ ಮಾಡ್_ಟೈಮರ್ ಕರೆದರೂ ಕರ್ನಲ್ ಸದ್ದಿಲ್ಲದೆ ಕಡೆಗಣಿಸುತ್ತದೆ.

ಈ ಶಟ್‌ಡೌನ್ ಬಂದದ್ದು 2023ರ ಫೆಬ್ರವರಿಯ ಕರ್ನಲ್ 6.2ರಲ್ಲಿ. ಹಳೆಯ ಡೆಲ್_ಟೈಮರ್, ಡೆಲ್_ಟೈಮರ್_ಸಿಂಕ್ ಹೆಸರುಗಳಿಗೆ ಈಗಿನ ಹೆಸರು ಬಂದದ್ದೂ ಆಗಲೇ. 6.15ರಲ್ಲಿ ಹಳೆಯ ಹೆಸರುಗಳನ್ನು ಪೂರ್ತಿ ಕಿತ್ತು ಹಾಕಿದರು. ನಿಮ್ಮ ಡ್ರೈವರ್ ಕರ್ನಲ್ ಮರದ (ಕರ್ನಲ್‌ನ ಸ್ವಂತ ಸೋರ್ಸ್ ಕೋಡ್‌ನ) ಹೊರಗಿದ್ದರೆ ಆ ಆವೃತ್ತಿಯಿಂದ ಕಂಪೈಲೇ ಆಗುವುದಿಲ್ಲ.

ರಿವ್ಯೂ ಮಾಡುವಾಗ ಕಣ್ಣಿಗೆ ಬೀಳದ ಒಂದು ಸಾಲಿದೆ: 'ಟೈಮರ್_ಪೆಂಡಿಂಗ್ ನಿಜವಾದರೆ ಟೈಮರ್_ಡಿಲೀಟ್_ಸಿಂಕ್ ಕರೆ'. ನೋಡಲು ಜಾಣತನ ಅನ್ನಿಸುತ್ತದೆ, ಅಲ್ವಾ? ಕಾಲ್‌ಬ್ಯಾಕ್ ಓಡುವ ಮುಂಚೆಯೇ ಟೈಮರ್ ಸಾಲಿನಿಂದ ಹೊರಬಂದಿರುತ್ತದೆ. ಹಾಗಾಗಿ ಕಾಲ್‌ಬ್ಯಾಕ್ ಓಡುತ್ತಿರುವಾಗ ಟೈಮರ್_ಪೆಂಡಿಂಗ್ ಸುಳ್ಳು ಎನ್ನುತ್ತದೆ, ನೀವು ಕಾಯದೆ ಮುಂದೆ ಹೋಗಿ ಮೆಮೊರಿ ಬಿಡುತ್ತೀರಿ. ಕಾಯಲೇಬೇಕಾದ ಹೊತ್ತಿನಲ್ಲೇ ಕಾಯದಂತೆ ಮಾಡುವ ತಪಾಸಣೆ ಇದು. ಆ ಷರತ್ತನ್ನು ತೆಗೆದುಹಾಕಿ. ಸಾಲಿನಲ್ಲಿಲ್ಲದ ಟೈಮರನ್ನು ರದ್ದು ಮಾಡಿದರೆ ಏನೂ ನಷ್ಟವಿಲ್ಲ, 0 ಎಂದು ವಾಪಸ್ ಬರುತ್ತದೆ.

ಸರಿ ಎಂದೇ ಕಾಣುವ ಡ್ರೈವರ್

ಒಂದು ಸ್ವಿಚ್ ಡ್ರೈವರ್ ತೆಗೆದುಕೊಳ್ಳಿ. ಬಟನ್ ಒತ್ತಿದಾಗ ಒಳಗಿನ ಲೋಹದ ತುದಿಗಳು ಕೆಲವು ಮಿಲಿಸೆಕೆಂಡ್ ಕುಣಿಯುತ್ತವೆ, ಒಂದು ಸಲ ಒತ್ತಿದರೆ ಹಲವು ಇಂಟರಪ್ಟ್ ಬರುತ್ತವೆ. ಅದಕ್ಕೇ ಇಂಟರಪ್ಟ್ ಹ್ಯಾಂಡ್ಲರ್ ಪಿನ್ ಓದುವುದಿಲ್ಲ. ಪ್ರತಿ ಸಲ ಮಾಡ್_ಟೈಮರ್ ಕರೆದು ಟೈಮರನ್ನು 20 ಮಿಲಿಸೆಕೆಂಡ್ ಮುಂದಕ್ಕೆ ತಳ್ಳುತ್ತದೆ. ಕುಣಿತ ನಿಂತ ಮೇಲೆ ಕಾಲ್‌ಬ್ಯಾಕ್ ಓಡಿ ಪಿನ್ ಓದುತ್ತದೆ.

ಸಾಧನ ಸಿಕ್ಕಾಗ ಓಡುವ ಪ್ರೋಬ್ ಫಂಕ್ಷನ್‌ನಲ್ಲಿ ಮೂರು ಹೆಜ್ಜೆ. ಡೆವ್‌ಎಂ_ಕೆಜೆಡ್‌ಅಲಾಕ್‌ನಿಂದ ಮೆಮೊರಿ, ಟೈಮರ್_ಸೆಟಪ್‌ನಿಂದ ಟೈಮರ್, ಡೆವ್‌ಎಂ_ರಿಕ್ವೆಸ್ಟ್_ಐಆರ್‌ಕ್ಯೂನಿಂದ ಇಂಟರಪ್ಟ್. ಸಾಧನ ಬಿಡಿಸುವಾಗ ಓಡುವ ರಿಮೂವ್‌ನಲ್ಲಿ ಒಂದೇ ಸಾಲು, ಟೈಮರ್_ಡಿಲೀಟ್_ಸಿಂಕ್. ಮೆಮೊರಿ ಮತ್ತು ಇಂಟರಪ್ಟ್ ಎರಡನ್ನೂ ಬಿಡುವ ಕೆಲಸವನ್ನು ಡೆವ್‌ಎಂ ತಾನಾಗಿಯೇ ನೋಡಿಕೊಳ್ಳುತ್ತದೆ. ರಿವ್ಯೂನಲ್ಲಿ ಯಾರೂ ತಡೆಯುವುದಿಲ್ಲ.

ಈಗ ಬಿಡಿಸುವಾಗ ಏನಾಗುತ್ತದೆ ನೋಡಿ. ರಿಮೂವ್ ಓಡಿತು, ಟೈಮರ್ ರದ್ದಾಯಿತು, ರಿಮೂವ್ ಮುಗಿಯಿತು. ಡೆವ್‌ಎಂ ತನ್ನ ಕೆಲಸ ಶುರು ಮಾಡುವುದು ಅದಾದ ಮೇಲೆ. ಅಲ್ಲಿಯವರೆಗೆ ಇಂಟರಪ್ಟ್ ಜೀವಂತವಾಗಿದೆ. ಈ ಸಂದಿಯಲ್ಲಿ ಯಾರಾದರೂ ಬಟನ್ ಒತ್ತಿದರೆ ಹ್ಯಾಂಡ್ಲರ್ ಓಡಿ ಮಾಡ್_ಟೈಮರ್ ಕರೆಯುತ್ತದೆ, ಟೈಮರ್ ಮತ್ತೆ ಸಾಲಿಗೆ ಸೇರುತ್ತದೆ. ನಂತರ ಡೆವ್‌ಎಂ ಪಡೆದ ಕ್ರಮಕ್ಕೆ ಉಲ್ಟಾ ಬಿಡುತ್ತಾ ಬರುತ್ತದೆ. ಮೊದಲು ಇಂಟರಪ್ಟ್, ಆಮೇಲೆ ಮೆಮೊರಿ. ಇಂಟರಪ್ಟ್ ಹೋಯಿತು ನಿಜ, ಆದರೆ ಅದು ಇಟ್ಟುಹೋದ ಟೈಮರ್ ಉಳಿಯಿತು. 20 ಮಿಲಿಸೆಕೆಂಡ್ ಆದ ಮೇಲೆ ಬಿಟ್ಟ ಮೆಮೊರಿಯಲ್ಲಿ ಬಡಿಯುತ್ತದೆ.

ಸಂದಿ ಬಹಳ ಚಿಕ್ಕದು. ಮೇಜಿನ ಮೇಲಿನ ಬೋರ್ಡ್‌ನಲ್ಲಿ ಮಾಡ್ಯೂಲ್ ತೆಗೆಯುವಾಗ ಬಟನ್ ಒತ್ತುವವರು ಯಾರೂ ಇರುವುದಿಲ್ಲ, ಹಾಗಾಗಿ ವರ್ಷಗಟ್ಟಲೆ ಕಾಣಿಸುವುದಿಲ್ಲ. ಉದ್ದದ ವೈರ್, ಪಕ್ಕದಲ್ಲೇ ಮೋಟಾರ್, ಸದಾ ಗಲಾಟೆ ಇರುವ ಪಿನ್ ಆದರೆ ಬೇಗನೆ ಸಿಗುತ್ತದೆ.

ಪರಿಹಾರ ಒಂದು ಸಾಲಿನ ಜಾಗದಲ್ಲಿದೆ. ಟೈಮರ್_ಶಟ್‌ಡೌನ್_ಸಿಂಕ್ ಕರೆಯುವ ಪುಟ್ಟ ಫಂಕ್ಷನ್ ಬರೆಯಿರಿ. ಅದನ್ನು ಡೆವ್‌ಎಂ_ಆ್ಯಡ್_ಆ್ಯಕ್ಷನ್_ಆರ್_ರೀಸೆಟ್ ಮೂಲಕ ನೋಂದಾಯಿಸಿ. ನೋಂದಾಯಿಸುವುದು ಟೈಮರ್_ಸೆಟಪ್ ಆದ ಮೇಲೆ, ಇಂಟರಪ್ಟ್ ಕೇಳುವ ಮುಂಚೆ. ಬಿಡಿಸುವಾಗ ಕ್ರಮ ಉಲ್ಟಾ ಆಗುತ್ತದಲ್ಲ, ಮೊದಲು ಇಂಟರಪ್ಟ್ ಹೋಗುತ್ತದೆ. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೂ ಆ ಹೆಜ್ಜೆ ಕಾಯುತ್ತದೆ. ಆಮೇಲೆ ಟೈಮರ್ ಮುಚ್ಚುತ್ತದೆ, ಕೊನೆಗೆ ಮೆಮೊರಿ. ರಿಮೂವ್ ಫಂಕ್ಷನ್ನೇ ಬೇಡ. ಪ್ರೋಬ್ ಅರ್ಧಕ್ಕೆ ಸೋತಾಗಿನ ದಾರಿಯೂ ಇದರಲ್ಲೇ ಸರಿಹೋಗುತ್ತದೆ, ಅಲ್ಲಿ ರದ್ದತಿ ಮರೆಯುವವರೇ ಹೆಚ್ಚು. ಕರ್ನಲ್‌ನ ಸ್ವಂತ ಜಿಪಿಐಒ_ಕೀಸ್ ಡ್ರೈವರ್ ತೆರೆದು ನೋಡಿ. ಅಲ್ಲಿ ಜಿಪಿಐಒ_ಕೀಸ್_ಕ್ವೈಯೆಸ್_ಕೀ ಎಂಬ ಫಂಕ್ಷನ್ ಹೀಗೆಯೇ ಇಂಟರಪ್ಟ್‌ಗಿಂತ ಮುಂಚೆ ನೋಂದಣಿ ಆಗುತ್ತದೆ.

ರಿಮೂವ್‌ನ ಮೊದಲ ಸಾಲಿಗೆ ಡಿಸೇಬಲ್_ಐಆರ್‌ಕ್ಯೂ ಹಾಕಿದರೂ ಆಗುತ್ತದೆ ಎನ್ನುವವರಿದ್ದಾರೆ. ಆಗುತ್ತದೆ, ಸುಳ್ಳಲ್ಲ. ಆದರೆ ಇಂಟರಪ್ಟ್ ಲೈನನ್ನು ಇನ್ನೊಂದು ಸಾಧನ ಹಂಚಿಕೊಂಡಿದ್ದರೆ ಅದರ ಬಾಯಿಯನ್ನೂ ಕಟ್ಟಿದ ಹಾಗಾಗುತ್ತದೆ. ನನಗೆ ಮೊದಲ ದಾರಿಯೇ ಇಷ್ಟ.

ಇಂಟರಪ್ಟ್ ಒಂದೇ ಅಲ್ಲ, ಟೈಮರ್ ಇಡಬಲ್ಲವರು ಇನ್ನೂ ಇದ್ದಾರೆ. ಡ್ರೈವರ್ ಫೈಲ್‌ನಲ್ಲಿ ಮಾಡ್_ಟೈಮರ್ ಎಂದು ಹುಡುಕಿ, ಸಿಕ್ಕ ಪ್ರತಿ ಸಾಲಿಗೂ 'ಇಲ್ಲಿಗೆ ಬರುವ ದಾರಿ ಯಾವಾಗ ಮುಚ್ಚುತ್ತದೆ' ಎಂದು ಬರೆದುಕೊಳ್ಳಿ. ಸಿಸ್‌ಎಫ್‌ಎಸ್ ಅಂದರೆ ಡ್ರೈವರ್‌ನ ಸೆಟ್ಟಿಂಗ್‌ಗಳು ಫೈಲ್‌ಗಳಾಗಿ ಕಾಣುವ ಜಾಗ. ಅಲ್ಲಿನ ಫೈಲನ್ನು ತೆಗೆದುಹಾಕಿದರೆ ನಡೆಯುತ್ತಿರುವ ಬರಹ ಮುಗಿಯುವವರೆಗೆ ಕರ್ನಲ್ ಕಾಯುತ್ತದೆ, ಅಲ್ಲಿ ಚಿಂತೆ ಇಲ್ಲ. ಕ್ಯಾರೆಕ್ಟರ್ ಡಿವೈಸ್ ಹಾಗಲ್ಲ. ಸಿಡೆವ್_ಡೆಲ್ ಹೊಸದಾಗಿ ತೆರೆಯುವುದನ್ನು ಮಾತ್ರ ತಡೆಯುತ್ತದೆ. ಮೊದಲೇ ತೆರೆದಿಟ್ಟ ಫೈಲ್‌ನಿಂದ ಐಯೋಕಂಟ್ರೋಲ್ ಕರೆ ಆಮೇಲೂ ಬರಬಹುದು, ಬಂದು ಟೈಮರ್ ಇಡಬಹುದು.

ಟೈಮರ್ ಮತ್ತು ವರ್ಕ್ ಒಂದನ್ನೊಂದು ಎಬ್ಬಿಸುತ್ತಿದ್ದರೆ

ಕಾಲ್‌ಬ್ಯಾಕ್ ವರ್ಕ್ ಒಂದನ್ನು, ಅಂದರೆ ಕರ್ನಲ್ ಥ್ರೆಡ್ ಆಮೇಲೆ ಓಡಿಸುವ ಕೆಲಸವೊಂದನ್ನು, ಸಾಲಿಗೆ ಹಾಕುತ್ತದೆ, ಆ ವರ್ಕ್ ತನ್ನ ಕೆಲಸ ಮುಗಿಸಿ ಟೈಮರನ್ನು ಮತ್ತೆ ಇಡುತ್ತದೆ. ಮೊದಲು ಟೈಮರ್ ರದ್ದು ಮಾಡಿದರೆ ಓಡುತ್ತಿರುವ ವರ್ಕ್ ಅದನ್ನು ಎಬ್ಬಿಸುತ್ತದೆ. ಮೊದಲು ವರ್ಕ್ ರದ್ದು ಮಾಡಿದರೆ ಟೈಮರ್ ವರ್ಕನ್ನು ಎಬ್ಬಿಸುತ್ತದೆ. ಯಾವ ಕ್ರಮವೂ ಸರಿಯಲ್ಲ. ಎರಡೆರಡು ಸಲ ರದ್ದು ಮಾಡಿ ಮೇಲೊಂದು ಕಾಮೆಂಟ್ ಬರೆದ ಡ್ರೈವರ್ ಕಂಡರೆ ಅಲ್ಲಿ ದೋಷ ಇದೆ ಎಂದೇ ಓದಿ.

ಶಟ್‌ಡೌನ್ ಬಂದದ್ದೇ ಇಂಥದಕ್ಕೆ. ಕರ್ನಲ್‌ನ ಟೈಮರ್ ಕೋಡ್ ನೋಡಿಕೊಳ್ಳುವ ಥಾಮಸ್ ಗ್ಲೈಕ್ಸ್‌ನರ್ ಅದನ್ನು ಸೇರಿಸಿದಾಗ ಜೊತೆಗೇ ಸರಿಪಡಿಸಿದ್ದು ಬ್ಲೂಟೂತ್‌ನ ಎಚ್‌ಸಿಐ_ಕ್ಯೂಸಿಎ ಡ್ರೈವರನ್ನು, ಅಲ್ಲೂ ಟೈಮರ್ ಮತ್ತು ವರ್ಕ್‌ಕ್ಯೂಗೆ ಇದೇ ಗಂಟಿತ್ತು. ಮೊದಲು ಟೈಮರ್_ಶಟ್‌ಡೌನ್_ಸಿಂಕ್, ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್. ವರ್ಕ್ ಎಷ್ಟೇ ಎಬ್ಬಿಸಿದರೂ ಟೈಮರ್ ಏಳುವುದಿಲ್ಲ.

6.2ಕ್ಕಿಂತ ಹಳೆಯ ಕರ್ನಲ್‌ನಲ್ಲಿ ಸಿಕ್ಕಿಕೊಂಡಿದ್ದರೆ 'ನಿಲ್ಲುತ್ತಿದ್ದೇನೆ' ಎಂಬ ಫ್ಲ್ಯಾಗ್ ಇಟ್ಟುಕೊಳ್ಳಬೇಕು. ಫ್ಲ್ಯಾಗ್ ನೋಡುವುದು ಮತ್ತು ಮಾಡ್_ಟೈಮರ್ ಕರೆಯುವುದು ಎರಡೂ ಒಂದೇ ಸ್ಪಿನ್‌ಲಾಕ್ ಒಳಗೆ ಆಗಲಿ. ರಿಮೂವ್‌ನಲ್ಲಿ ಅದೇ ಲಾಕ್ ಹಿಡಿದು ಫ್ಲ್ಯಾಗ್ ಏರಿಸಿ, ಲಾಕ್ ಬಿಟ್ಟು, ಆಮೇಲೆ ಡೆಲ್_ಟೈಮರ್_ಸಿಂಕ್ ಕರೆಯಿರಿ. ಲಾಕ್ ಇಲ್ಲದ ಫ್ಲ್ಯಾಗ್‌ನಿಂದ ಸಂದಿ ಚಿಕ್ಕದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ.

ಶಟ್‌ಡೌನ್‌ನಿಂದಲೇ ಹುಟ್ಟುವ ಒಂದು ಹೊಸ ದೋಷವೂ ಇದೆ. ಲಕ್ಷಣ: ಸಸ್ಪೆಂಡ್ ಆಗಿ ಎದ್ದ ಮೇಲೆ ಸಾಧನ ಸತ್ತಂತಿರುತ್ತದೆ, ಲಾಗ್‌ನಲ್ಲಿ ಒಂದು ಅಕ್ಷರವೂ ಇಲ್ಲ. ಯಾರೋ ಉತ್ಸಾಹದಲ್ಲಿ ಸಸ್ಪೆಂಡ್ ಫಂಕ್ಷನ್‌ನಲ್ಲೂ ಶಟ್‌ಡೌನ್ ಹಾಕಿದ್ದಾರೆ. ರೆಸ್ಯೂಮ್‌ನಲ್ಲಿ ಮಾಡ್_ಟೈಮರ್ ಕರೆದರೂ ಕರ್ನಲ್ ಕಡೆಗಣಿಸುತ್ತಿದೆ. ಮತ್ತೆ ಬಳಸುವ ಟೈಮರ್‌ಗೆ ಟೈಮರ್_ಡಿಲೀಟ್_ಸಿಂಕ್ ಸಾಕು. ಶಟ್‌ಡೌನ್ ಮಾಡಿದ್ದರೆ ಟೈಮರ್_ಸೆಟಪ್ ಮತ್ತೆ ಕರೆಯಲೇಬೇಕು.

ಕಮಾಂಡ್ ವಾಪಸ್ಸೇ ಬರದಿದ್ದರೆ

ಸಾಫ್ಟ್ ಲಾಕಪ್‌ನ ಸ್ಟ್ಯಾಕ್‌ನಲ್ಲಿ ಟೈಮರ್_ಡಿಲೀಟ್_ಸಿಂಕ್ ಇದ್ದರೆ ಅದನ್ನು ಕರೆಯುವಾಗ ಯಾವ ಲಾಕ್ ಹಿಡಿದಿದ್ದೀರಿ ನೋಡಿ. ರಿಮೂವ್ ಲಾಕ್ ಹಿಡಿದು ಕಾಲ್‌ಬ್ಯಾಕ್ ಮುಗಿಯಲಿ ಎಂದು ಕಾಯುತ್ತಿದೆ, ಇನ್ನೊಂದು ಸಿಪಿಯುನಲ್ಲಿ ಕಾಲ್‌ಬ್ಯಾಕ್ ಅದೇ ಲಾಕ್‌ಗೆ ಕಾಯುತ್ತಿದೆ. ಇಬ್ಬರೂ ಬಿಡುವುದಿಲ್ಲ. ಕಾಲ್‌ಬ್ಯಾಕ್ ಒಳಗಿಂದ ತನ್ನದೇ ಟೈಮರ್ ಮೇಲೆ ಸಿಂಕ್ ಕರೆದರೂ ಇದೇ ಗತಿ, ತಾನು ಮುಗಿಯಲಿ ಎಂದು ತಾನೇ ಕಾಯುತ್ತದೆ. ಇಂಟರಪ್ಟ್ ಹ್ಯಾಂಡ್ಲರ್‌ನಿಂದಲೂ ಕರೆಯಬಾರದು. ಅದು ತಡೆದು ನಿಲ್ಲಿಸಿರುವುದು ಅದೇ ಸಿಪಿಯುನ ಅದೇ ಕಾಲ್‌ಬ್ಯಾಕನ್ನೇ ಇರಬಹುದು. ಅಲ್ಲಿ ಬರೀ ಟೈಮರ್_ಡಿಲೀಟ್ ಕರೆದು, ಕಾಯುವ ಕೆಲಸವನ್ನು ರಿಮೂವ್‌ಗೆ ಬಿಡಿ.

ಪ್ರೂವ್_ಲಾಕಿಂಗ್ ಆನ್ ಇದ್ದರೆ, ಲಾಕ್‌ಗಳ ಕ್ರಮ ಪರೀಕ್ಷಿಸುವ ಲಾಕ್‌ಡೆಪ್ ಈ ಸುತ್ತನ್ನು ಡೆಡ್‌ಲಾಕ್ ಆಗದಿದ್ದಾಗಲೂ ಹಿಡಿಯುತ್ತದೆ. ಪ್ರತಿ ಟೈಮರ್‌ಗೂ ಒಂದು ನಕಲಿ ಲಾಕ್ ಇದ್ದಂತೆ ಅದು ಲೆಕ್ಕ ಇಡುತ್ತದೆ. ಆ ದಾರಿಗಳು ಒಂದೊಂದು ಸಲ ಓಡಿದರೆ ಸಾಕು, ಇಬ್ಬರೂ ಒಂದೇ ಕ್ಷಣಕ್ಕೆ ಎದುರಾಗಬೇಕಿಲ್ಲ.

ಬೇರೆ ಬಗೆಯ ಟೈಮರ್ ಆದರೆ

ಎಚ್‌ಆರ್‌ಟೈಮರ್‌ಗೆ ಎಚ್‌ಆರ್‌ಟೈಮರ್_ಕ್ಯಾನ್ಸಲ್ ಕಾಯುತ್ತದೆ. ಟ್ರೈ_ಟು_ಕ್ಯಾನ್ಸಲ್ ಕಾಯುವುದಿಲ್ಲ, ಕಾಲ್‌ಬ್ಯಾಕ್ ಓಡುತ್ತಿದ್ದರೆ -1 ಕೊಡುತ್ತದೆ. ಆ -1 ನೋಡದೆ ಮುಂದೆ ಹೋದ ಕೋಡ್ ಕಂಡರೆ ಅಲ್ಲೇ ನಿಲ್ಲಿ. ಡಿಲೇಡ್ ವರ್ಕ್‌ಗೆ ಕ್ಯಾನ್ಸಲ್_ಡಿಲೇಡ್_ವರ್ಕ್_ಸಿಂಕ್. ತನ್ನನ್ನು ತಾನೇ ಮತ್ತೆ ಸಾಲಿಗೆ ಹಾಕಿಕೊಳ್ಳುವ ವರ್ಕನ್ನೂ ಅದು ಸರಿಯಾಗಿ ನಿಲ್ಲಿಸುತ್ತದೆ, ಹೊರಗಿನವರು ಹಾಕುವುದನ್ನು ತಡೆಯುವ ಹೊಣೆ ನಿಮ್ಮದು. ಹೊಸ ಡ್ರೈವರ್ ಬರೆಯುತ್ತಿದ್ದು ಮಿಲಿಸೆಕೆಂಡ್ ನಿಖರತೆ ಬೇಕಿಲ್ಲದಿದ್ದರೆ ಡಿಲೇಡ್ ವರ್ಕನ್ನೇ ಆರಿಸಿ. ಅದರಲ್ಲಿ ಮಲಗುವ ಫಂಕ್ಷನ್‌ಗಳನ್ನೂ ಕರೆಯಬಹುದು.

ಸರಿಯಾಯಿತೇ ಎಂದು ನೋಡುವುದು

ಬದಲಾವಣೆ ಮಾಡಿ ಮೂರು ಸಲ ಮಾಡ್ಯೂಲ್ ತೆಗೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂದಿಯನ್ನು ಬೇಕೆಂದೇ ಹಿಗ್ಗಿಸಿ. ಕಾಲ್‌ಬ್ಯಾಕ್ ಒಳಗೆ ತಾತ್ಕಾಲಿಕವಾಗಿ 50 ಮಿಲಿಸೆಕೆಂಡ್ ಎಂಡಿಲೇ (ಮಲಗದೆ ಕಾಯುವ ಫಂಕ್ಷನ್) ಹಾಕಿ. ಎಂಸ್ಲೀಪ್ ಹಾಕಬೇಡಿ, ಕಾಲ್‌ಬ್ಯಾಕ್ ಓಡುವ ಸಾಫ್ಟ್‌ಐಆರ್‌ಕ್ಯೂನಲ್ಲಿ ಮಲಗುವಂತಿಲ್ಲ. ರಿಮೂವ್‌ನ ಕೊನೆಯಲ್ಲಿ ಎಂಸ್ಲೀಪ್ ಹಾಕಬಹುದು, ಮೇಲಿನ ಡೆವ್‌ಎಂ ಸಂದಿ ಬಾಗಿಲಿನಷ್ಟು ದೊಡ್ಡದಾಗುತ್ತದೆ. ಹಳೆಯ ಕೋಡ್ ಇದರಲ್ಲಿ ಬೀಳುವುದನ್ನು ಮೊದಲು ಕಣ್ಣಾರೆ ನೋಡಿ. ಅದು ಬೀಳದಿದ್ದರೆ ನಿಮ್ಮ ಪರೀಕ್ಷೆ ದೋಷವನ್ನು ಮುಟ್ಟುತ್ತಲೇ ಇಲ್ಲ, ಹೊಸ ಕೋಡ್ ಪಾಸಾದರೂ ಅದಕ್ಕೆ ಬೆಲೆಯಿಲ್ಲ. ರಿಮೂವ್ ಫಂಕ್ಷನ್ನೇ ಹೋಗಿರುವ ಹೊಸ ಕೋಡ್‌ನಲ್ಲಿ ಆ ಎಂಸ್ಲೀಪನ್ನು ನೋಂದಾಯಿಸಿದ ಫಂಕ್ಷನ್‌ನ ಮೊದಲಿಗೆ ಹಾಕಿ.

ಆಮೇಲೆ ಸಿಸ್‌ಎಫ್‌ಎಸ್‌ನಲ್ಲಿ ಡ್ರೈವರ್‌ನ ಫೋಲ್ಡರ್‌ನಲ್ಲಿರುವ ಅನ್‌ಬೈಂಡ್ ಮತ್ತು ಬೈಂಡ್ ಫೈಲ್‌ಗಳಿಗೆ ಸಾಧನದ ಹೆಸರು ಬರೆಯುವ ಲೂಪ್ ಓಡಿಸಿ, ಇನ್ನೊಂದು ಕಡೆಯಿಂದ ಇಂಟರಪ್ಟ್ ಸುರಿಯುತ್ತಿರಲಿ. ಸ್ವಿಚ್ ಡ್ರೈವರ್ ಆದರೆ ಪಿನ್‌ಗೆ ಇನ್ನೊಂದು ಬೋರ್ಡ್‌ನಿಂದ ಚೌಕ ಅಲೆ ಕೊಟ್ಟರಾಯಿತು. ಒಂದೇ ಕೋರ್ ಇರುವ ಬೋರ್ಡ್‌ನಲ್ಲಿ ಪರೀಕ್ಷೆ ಮಾಡಿ ಸುಮ್ಮನಾಗಬೇಡಿ. ಅಲ್ಲಿ ಕಾಲ್‌ಬ್ಯಾಕ್ ಓಡುವಾಗ ರಿಮೂವ್ ಓಡಲು ಬೇರೆ ಸಿಪಿಯುವೇ ಇಲ್ಲ, ಅರ್ಧ ದೋಷಗಳು ಹಾಗೇ ಅಡಗಿ ಕೂರುತ್ತವೆ. ಬೋರ್ಡ್ ಇಲ್ಲದಿದ್ದರೆ ಕ್ಯೂಎಂಯು ಎಂಬ ಎಮ್ಯುಲೇಟರ್‌ನಲ್ಲಿ ನಾಲ್ಕು ಸಿಪಿಯು ಕೊಟ್ಟು, ಡೀಬಗ್_ಆಬ್ಜೆಕ್ಟ್ಸ್ ಆನ್ ಇರುವ ಕರ್ನಲ್‌ನಲ್ಲಿ ಲೂಪನ್ನು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಲಾಗ್‌ನಲ್ಲಿ ಓಡೀಬಗ್ ಸಾಲಾಗಲಿ ಲಾಕ್‌ಡೆಪ್ ಎಚ್ಚರಿಕೆಯಾಗಲಿ ಇಲ್ಲದಿದ್ದರೆ ಎಂಡಿಲೇ, ಎಂಸ್ಲೀಪ್ ಸಾಲುಗಳನ್ನು ತೆಗೆದು ಪ್ಯಾಚ್ ಕಳಿಸಿ.